ಕಾರಿನ ಸ್ಪ್ರಿಂಗ್ ಬದಲಿಸುವುದು: ಯಾವಾಗ, ಯಾವುದು, ಹೇಗೆ

ಸ್ಪ್ರಿಂಗ್ ಕೆಲಸ ಒಂದೇ, ಭಾರ ಹೊರುವುದು. ಗುಂಡಿಗೆ ಇಳಿದು ಎದ್ದ ಚಕ್ರಕ್ಕೆ ಮಣಿದು, ಮತ್ತೆ ಹಿಗ್ಗಿ ಗಾಡಿಯನ್ನು ಮೊದಲಿನ ಎತ್ತರಕ್ಕೆ ತರುತ್ತದೆ. ಆಮೇಲಿನ ಕುಣಿತ ನಿಲ್ಲಿಸುವುದು ಶಾಕ್ ಅಬ್ಸಾರ್ಬರ್. ಡಾಂಬರಿನ ಒರಟು, ಸಣ್ಣ ಕಲ್ಲು ನುಂಗಿಕೊಳ್ಳುವುದು ಟಯರ್. ಕಬ್ಬಿಣಕ್ಕೆ ಕಬ್ಬಿಣ ಬಡಿಯದಂತೆ ನೋಡಿಕೊಳ್ಳುವುದು ರಬ್ಬರ್ ಬುಷ್. ಈ ನಾಲ್ಕರಲ್ಲಿ ಕೈಕೊಟ್ಟಿರುವುದು ಯಾವುದು ಅಂತ ನೋಡದೆ ಸ್ಪ್ರಿಂಗ್‌ಗೆ ದುಡ್ಡು ಸುರಿದವರು ಹಳೇ ಸದ್ದನ್ನೇ ಹೊಸ ಸ್ಪ್ರಿಂಗ್ ಮೇಲೆ ಕೂತು ಕೇಳಬೇಕಾಗುತ್ತದೆ.

ಇಲ್ಲಿ ಹೇಳುವುದೆಲ್ಲ ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಎರಡೂ ಒಂದೇ ಕಂಬದಲ್ಲಿ), ಹಿಂದೆ ಟಾರ್ಷನ್ ಬೀಮ್ (ಎರಡೂ ಚಕ್ರ ಸೇರಿಸುವ ಅಡ್ಡ ತೊಲೆ) ಇರುವ ಗಾಡಿಗಳಿಗೆ. ಸ್ವಿಫ್ಟ್, ಡಿಜೈರ್, ಬಲೆನೊ, ಐ20 ಎಲ್ಲ ಇದೇ ಜಾತಿ. ಹಿಂದೆ ಪಟ್ಟಿ ಸ್ಪ್ರಿಂಗ್ ಇರುವ ಗಾಡಿಗಳ ಲೆಕ್ಕ ಬೇರೆ.

ಮೊದಲು ಕಾಯಿಲೆ ಯಾವುದು ನೋಡಿ

ಟಯರ್‌ನಿಂದ ಶುರು ಮಾಡಿ, ಖರ್ಚಿಲ್ಲದ ಕೆಲಸ. ಚಾಲಕನ ಬಾಗಿಲು ತೆಗೆದರೆ ಕಂಬದ ಮೇಲಿನ ಸ್ಟಿಕ್ಕರಿನಲ್ಲಿ ಗಾಳಿ ಎಷ್ಟಿರಬೇಕು ಅಂತ ಬರೆದಿರುತ್ತದೆ. ಬೆಳಿಗ್ಗೆ ಗಾಡಿ ತಣ್ಣಗಿರುವಾಗ ಅಷ್ಟಕ್ಕೇ ತನ್ನಿ. ಬಂಕಿನಲ್ಲಿ ‘ಮೈಲೇಜ್ ಬರುತ್ತೆ’ ಅಂತ ನಾಲ್ಕೈದು ಪಿಎಸ್‌ಐ ಜಾಸ್ತಿ ತುಂಬಿಸಿಕೊಂಡವರ ಅರ್ಧ ದೂರು ಅಲ್ಲೇ ಮುಗಿಯುತ್ತದೆ. ದೊಡ್ಡ ಅಲಾಯ್ ಹಾಕಿಸಿದ್ದರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. 185/65 ಆರ್15 ಟಯರಿನ ಪಕ್ಕದ ಗೋಡೆ 120 ಮಿ.ಮೀ. ಎತ್ತರ, 195/55 ಆರ್16ರದ್ದು 107 ಮಿ.ಮೀ. ಹೊರಗಿನ ಸುತ್ತಳತೆ ಹೆಚ್ಚುಕಡಿಮೆ ಒಂದೇ, ಆದರೆ ಹೋದ 13 ಮಿ.ಮೀ. ಗಾಳಿಯ ದಿಂಬನ್ನು ಯಾವ ಸ್ಪ್ರಿಂಗೂ ವಾಪಸ್ ಕೊಡುವುದಿಲ್ಲ.

ಆಮೇಲೆ ಕಿವಿ ಕೊಡಿ. ಕೆಟ್ಟ ರಸ್ತೆಯಲ್ಲಿ ನಿಧಾನ ಹೋಗುವಾಗ ಮುಂದಿನಿಂದ ‘ಕಟಕಟ’ ಅಂದರೆ ಮೊದಲ ಅನುಮಾನ ಲಿಂಕ್ ರಾಡ್ ಮೇಲೆ, ಅಂದರೆ ಗಾಡಿ ವಾಲದಂತೆ ತಡೆಯುವ ಸ್ಟೆಬಿಲೈಸರ್ ಬಾರನ್ನು ಸ್ಟ್ರಟ್‌ಗೆ ಸೇರಿಸುವ ಕಂಬಿಯ ಮೇಲೆ. ನಿಂತಲ್ಲೇ ಸ್ಟೀರಿಂಗ್ ತಿರುಗಿಸುವಾಗ ಸ್ಪ್ರಿಂಗ್ ‘ಟಂಗ್’ ಅಂತ ಜಿಗಿದರೆ ಸ್ಟ್ರಟ್ ಬೇರಿಂಗ್ ಹಿಡಿದುಕೊಂಡಿದೆ. ಶಾಕ್ ಮೈಮೇಲೆ ಎಣ್ಣೆ ಇಳಿದು ಧೂಳು ಮೆತ್ತಿಕೊಂಡಿದ್ದರೆ ಅದರ ಕಥೆ ಮುಗಿದಂತೆ. ಬಾನೆಟ್ ಒತ್ತಿ ಬಿಟ್ಟು ಎಷ್ಟು ಸಲ ಕುಣಿಯುತ್ತೆ ನೋಡುವ ಪರೀಕ್ಷೆ ಪೂರ್ತಿ ಸತ್ತ ಶಾಕನ್ನು ಮಾತ್ರ ಹಿಡಿಯುತ್ತದೆ, ಅರ್ಧ ಸತ್ತದ್ದು ಅದರಲ್ಲಿ ಪಾಸಾಗಿಬಿಡುತ್ತದೆ. 60,000–80,000 ಕಿ.ಮೀ. ಓಡಿದ ಮೂಲ ಶಾಕ್ ಇನ್ನೂ ಚೆನ್ನಾಗಿದೆ ಅಂತ ಯಾರಾದರೂ ಹೇಳಿದರೆ ಪೂರ್ತಿ ನಂಬಬೇಡಿ.

ಸ್ಪ್ರಿಂಗನ್ನೂ ಕಣ್ಣಿಟ್ಟು ನೋಡಿ. ಮುರಿದರೆ ಸಾಮಾನ್ಯವಾಗಿ ಕೆಳಗಿನ ಕೊನೆಯ ಸುತ್ತು, ಕೂರುವ ತಟ್ಟೆಯ ಒಳಗೇ ಮುರಿಯುತ್ತದೆ. ಅಲ್ಲಿ ಮಣ್ಣು, ನೀರು ನಿಂತು ಬಣ್ಣ ಎದ್ದು ತುಕ್ಕು ಹಿಡಿದಿರುತ್ತದೆ. ಟಾರ್ಚ್ ಹಿಡಿದು ತುದಿ ಚೂಪಾಗಿ ತುಂಡಾಗಿದೆಯೇ ನೋಡಬೇಕು.

ಇಷ್ಟೆಲ್ಲ ಸರಿಯಿದ್ದೂ ಐದು ಜನ ಕೂತು ಡಿಕ್ಕಿ ತುಂಬಿದಾಗ ಹಂಪಿಗೆ ಹೊಟ್ಟೆ ಉಜ್ಜುತ್ತಿದ್ದರೆ, ಹಿಂಬದಿ ಕೂತೇ ಹೋಗಿದ್ದರೆ, ಹೆದ್ದಾರಿಯ ಏರಿಳಿತಕ್ಕೆ ದೋಣಿಯಂತೆ ತೂಗುತ್ತಿದ್ದರೆ ಸ್ಪ್ರಿಂಗ್ ವಿಚಾರಕ್ಕೆ ಬನ್ನಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪು 3.7 ಮೀಟರ್ ಅಗಲ, ನಡುವೆ 10 ಸೆಂ.ಮೀ. ಎತ್ತರ. ಅಂಥದ್ದನ್ನು ಯಾವ ಕಾರೂ ಸರಾಗವಾಗಿ ದಾಟುತ್ತದೆ. ನಮ್ಮೂರುಗಳಲ್ಲಿ ರಾತ್ರೋರಾತ್ರಿ ಎದ್ದು ನಿಲ್ಲುವ, ಒಂದು ಮಾರೂ ಅಗಲವಿಲ್ಲದ ದಿಬ್ಬಗಳಿಗೆ ಮಾತ್ರ ಯಾವ ಲೆಕ್ಕವೂ ಇಲ್ಲ.

ಅಳತೆ: ಟೇಪು ಮತ್ತು ಎರಡು ಸಿಮೆಂಟ್ ಮೂಟೆ

ನೆಲದಿಂದ ಗಾಡಿಯ ಮೈವರೆಗೆ ಅಳೆಯಬೇಡಿ, ಟಯರ್ ಸವೆತ, ಗಾಳಿ ಎಲ್ಲ ಅದರಲ್ಲಿ ಸೇರಿಕೊಳ್ಳುತ್ತದೆ. ಚಕ್ರದ ನಡುಬಿಂದುವಿನಿಂದ ನೇರ ಮೇಲೆ ಫೆಂಡರ್ ಅಂಚಿನವರೆಗೆ ನಾಲ್ಕೂ ಕಡೆ ಅಳೆದು ಬರೆದಿಡಿ. ಜಾಗ ಮಟ್ಟಸವಾಗಿರಲಿ, ಟ್ಯಾಂಕು ಅರ್ಧ ತುಂಬಿರಲಿ, ಒಳಗೆ ಯಾರೂ ಇರಬಾರದು. ಅಳೆಯುವ ಮುಂಚೆ ಗಾಡಿಯನ್ನು ನಾಲ್ಕು ಹೆಜ್ಜೆ ಹಿಂದೆ ಮುಂದೆ ತಳ್ಳಿ, ಪ್ರತಿ ಮೂಲೆಯನ್ನೂ ಎರಡು ಸಲ ಒತ್ತಿ ಬಿಡಿ, ಬುಷ್‌ಗಳ ಬಿಗಿ ಸಡಿಲವಾಗಲಿ. ಎಡ ಬಲ ವ್ಯತ್ಯಾಸ 10 ಮಿ.ಮೀ. ದಾಟಿದರೆ ಒಂದು ಸ್ಪ್ರಿಂಗ್ ಕುಸಿದಿದೆ ಅಥವಾ ಮುರಿದಿದೆ.

ಈಗ 50 ಕೆ.ಜಿ.ಯ ಎರಡು ಸಿಮೆಂಟ್ ಮೂಟೆಗಳನ್ನು ಡಿಕ್ಕಿಯಲ್ಲಿ, ಹಿಂದಿನ ಚಕ್ರಗಳ ನೇರಕ್ಕೆ ಆದಷ್ಟು ಹತ್ತಿರ, ಎಡಕ್ಕೊಂದು ಬಲಕ್ಕೊಂದು ಇಡಿ. ಗಾಡಿಯನ್ನು ಮತ್ತೆ ಅಲ್ಲಾಡಿಸಿ ಹಿಂಬದಿ ಎಷ್ಟು ಇಳಿಯಿತು ಅಳೆಯಿರಿ. 20 ಮಿ.ಮೀ. ಇಳಿಯಿತು ಅಂದುಕೊಳ್ಳಿ. 100 ಕೆ.ಜಿ. ಅಂದರೆ 981 ನ್ಯೂಟನ್. ಅದನ್ನು 20ರಿಂದ ಭಾಗಿಸಿದರೆ ಎರಡೂ ಚಕ್ರಕ್ಕೆ ಸೇರಿ 49, ಒಂದು ಚಕ್ರಕ್ಕೆ ಮಿ.ಮೀ.ಗೆ ಸುಮಾರು 24.5 ನ್ಯೂಟನ್. ಚಕ್ರದ ಬಳಿ ಸಿಗುವ ಬಿಗಿತ ಇದು. ಅಂಗಡಿಯವರು ಹೇಳುವ ಸ್ಪ್ರಿಂಗ್ ಬಿಗಿತ ಇದಕ್ಕಿಂತ ಜಾಸ್ತಿ ಇರುತ್ತದೆ, ಯಾಕೆಂದರೆ ಟಾರ್ಷನ್ ಬೀಮ್‌ನಲ್ಲಿ ಸ್ಪ್ರಿಂಗ್ ಚಕ್ರಕ್ಕಿಂತ ಮುಂದೆ, ಬೀಮ್ ಗಾಡಿಯ ಮೈಗೆ ಸೇರುವ ಕೀಲಿನ ಹತ್ತಿರ ಕೂತಿರುತ್ತದೆ. ಕೀಲಿನಿಂದ ಚಕ್ರಕ್ಕೆ 400 ಮಿ.ಮೀ., ಸ್ಪ್ರಿಂಗ್‌ಗೆ 320 ಮಿ.ಮೀ. ಇದ್ದರೆ ಅನುಪಾತ 0.8, ಅದರ ವರ್ಗ 0.64. ಸ್ಪ್ರಿಂಗ್ ಬಿಗಿತದಲ್ಲಿ ನೂರಕ್ಕೆ 64 ಪಾಲು ಮಾತ್ರ ಚಕ್ರಕ್ಕೆ ತಲುಪುತ್ತದೆ. ಮುಂದಿನ ಸ್ಟ್ರಟ್‌ನಲ್ಲಿ ಈ ಅನುಪಾತ ಒಂದರ ಹತ್ತಿರವೇ ಇರುವುದರಿಂದ ಅಲ್ಲಿ ಈ ತಲೆನೋವಿಲ್ಲ.

ಸವಾರಿ ಹಿತವಾಗಿದೆ ಅಂದರೆ ಏನು

ಒಂದು ಮೂಲೆಯ ಬಿಗಿತವನ್ನು (ಮೀಟರಿಗೆ ನ್ಯೂಟನ್ ಲೆಕ್ಕದಲ್ಲಿ) ಆ ಮೂಲೆ ಹೊತ್ತ ತೂಕದಿಂದ (ಕೆ.ಜಿ.ಯಲ್ಲಿ) ಭಾಗಿಸಿ, ವರ್ಗಮೂಲ ತೆಗೆದು, 6.28ರಿಂದ ಭಾಗಿಸಿದರೆ ಗಾಡಿ ಸೆಕೆಂಡಿಗೆ ಎಷ್ಟು ಸಲ ತೂಗಲು ಬಯಸುತ್ತದೆ ಅನ್ನುವುದು ಸಿಗುತ್ತದೆ. ಅದರ ಅಳತೆ ಹರ್ಟ್ಸ್. ಮನೆಮಂದಿ ಕೂರುವ ಕಾರುಗಳು ಸಾಮಾನ್ಯವಾಗಿ 1ರಿಂದ 1.5 ಹರ್ಟ್ಸ್ ಒಳಗೆ. 1 ಹರ್ಟ್ಸ್ ಅಂದರೆ ಹೆಚ್ಚುಕಡಿಮೆ ತೊಟ್ಟಿಲು ತೂಗುವ ವೇಗ. 2 ದಾಟಿತೆಂದರೆ ಮೈ ಕುಲುಕುತ್ತದೆ. ಮನುಷ್ಯನ ಮುಂಡ ಅತಿ ಹೆಚ್ಚು ನಲುಗುವುದು 4ರಿಂದ 8 ಹರ್ಟ್ಸ್ ನಡುವೆ. ಇನ್ನೊಂದು ತುದಿಯಲ್ಲಿ ಅರ್ಧ ಹರ್ಟ್ಸ್‌ಗಿಂತ ಕೆಳಗಿನ ತೂಗಾಟ ಹೊಟ್ಟೆ ತೊಳೆಸುತ್ತದೆ.

ಮೇಲಿನ ಉದಾಹರಣೆಯನ್ನೇ ಹಿಡಿಯೋಣ. ಹಿಂದಿನ ಒಂದು ಮೂಲೆಯ ಮೇಲೆ, ಗಾಡಿ ಬಹುಪಾಲು ಖಾಲಿಯಿದ್ದಾಗ, 180 ಕೆ.ಜಿ. ಇದೆ ಅಂತಿಟ್ಟುಕೊಳ್ಳಿ. 24.5ರ ಬಿಗಿತಕ್ಕೆ 1.86 ಹರ್ಟ್ಸ್ ಬರುತ್ತದೆ. ಹಿಂದಿನ ಸೀಟು, ಡಿಕ್ಕಿ ತುಂಬಿ ಅದೇ ಮೂಲೆಗೆ 280 ಕೆ.ಜಿ. ಆದರೆ 1.49. ಒಬ್ಬರೇ ಹೋಗುವಾಗ ಹಿಂಬದಿ ಕುಪ್ಪಳಿಸುವುದೂ ಮನೆಯವರೆಲ್ಲ ಕೂತಾಗ ಅದೇ ಗಾಡಿ ಮೆತ್ತಗಾಗುವುದೂ ಇದೇ ಕಾರಣಕ್ಕೆ. ಚಿಕ್ಕ ಕಾರಿನ ಹಿಂಬದಿಗೆ ಒಂದೇ ಸ್ಪ್ರಿಂಗಿನಲ್ಲಿ ಎರಡು ಜಾತಕ.

ಈಗ ಶೇ. 25 ಬಿಗಿಯಾದ ಸ್ಪ್ರಿಂಗ್ ಹಾಕಿ ನೋಡಿ. ಬಿಗಿತ 30.6. ಖಾಲಿ ಗಾಡಿ 2.08 ಹರ್ಟ್ಸ್‌ಗೆ ಹೋಯಿತು, ಅಂದರೆ ದಿನಾ ಆಫೀಸಿಗೆ ಹೋಗುವವರ ಬೆನ್ನಿಗೆ ಪೆಟ್ಟು. ಪ್ರತಿಯಾಗಿ ಸಿಕ್ಕಿದ್ದೇನು? ಮೂಲೆಗೆ 100 ಕೆ.ಜಿ. ಬಿದ್ದಾಗ ಹಳೇ ಸ್ಪ್ರಿಂಗ್ 40 ಮಿ.ಮೀ. ಕೂರುತ್ತಿತ್ತು, ಹೊಸದು 32 ಮಿ.ಮೀ. ಕೂರುತ್ತದೆ. ಗಳಿಸಿದ್ದು ಎಂಟು ಮಿಲಿಮೀಟರ್! ಅದೇ ಹಳೇ ಬಿಗಿತವನ್ನೇ ಇಟ್ಟುಕೊಂಡು ಚಕ್ರದ ಬಳಿ 20 ಮಿ.ಮೀ. ಎತ್ತರ ಕೊಡುವಷ್ಟು ಉದ್ದದ ಸ್ಪ್ರಿಂಗ್ ಹಾಕಿದ್ದರೆ ಖಾಲಿ ಇದ್ದರೂ ತುಂಬಿದ್ದರೂ 20 ಮಿ.ಮೀ. ಲಾಭ, ಕುಲುಕಾಟ ಇದ್ದಷ್ಟೇ. ಹೊಟ್ಟೆ ಉಜ್ಜುವ ದೂರಿಗೆ ಬೇಕಿರುವುದು ಉದ್ದ. ‘ಹೆವಿ ಡ್ಯೂಟಿ ಹಾಕಿಬಿಡಿ ಸರ್’ ಅನ್ನುವ ಅಂಗಡಿಯವರಿಗೆ ಇದೊಂದನ್ನು ಹೇಳಿ ನೋಡಿ.

ಹಿಂದೆ ಮುಂದೆ ತಾಳ ಕೂಡಬೇಕಾದ್ದೂ ಇದೆ. 1930ರ ದಶಕದಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರು ಕಂಪನಿಯಲ್ಲಿದ್ದ ಮಾರಿಸ್ ಓಲಿ ಎಂಬ ಎಂಜಿನಿಯರ್ ಕಂಡುಕೊಂಡ ಸೂತ್ರ ಇಂದಿಗೂ ಚಾಲ್ತಿಯಲ್ಲಿದೆ. ಹಂಪು ಮೊದಲು ಮುಂದಿನ ಚಕ್ರಕ್ಕೆ ಸಿಗುತ್ತದೆ, ಹಿಂದಿನದಕ್ಕೆ ತುಸು ತಡ. 2.45 ಮೀಟರ್ ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ) ಇರುವ ಗಾಡಿ 40 ಕಿ.ಮೀ. ವೇಗದಲ್ಲಿದ್ದರೆ ಆ ತಡ ಸುಮಾರು 0.22 ಸೆಕೆಂಡ್. ಹಿಂಬದಿಯ ತೂಗು ಮುಂಬದಿಗಿಂತ ಸ್ವಲ್ಪ ಚುರುಕಾಗಿದ್ದರೆ, ಅಂದಾಜು ಶೇ. 10ರಿಂದ 20, ಅದು ಓಡಿ ಬಂದು ಮುಂಬದಿಯ ಜೊತೆ ಸೇರಿಕೊಳ್ಳುತ್ತದೆ, ಗಾಡಿ ಮೂಗು ಬಾಲ ಎತ್ತೆತ್ತಿ ಹಾಕುವುದು ಬೇಗ ನಿಲ್ಲುತ್ತದೆ. ಮುಂದಿನ ಎರಡು ಸ್ಪ್ರಿಂಗ್ ಮಾತ್ರ ಬಿಗಿ ಮಾಡಿದವರ ಗಾಡಿ ಹಂಪು ದಾಟಿದ ಮೇಲೂ ತಲೆ ಅಲ್ಲಾಡಿಸುತ್ತಾ ಹೋಗುವುದು ಈ ತಾಳ ತಪ್ಪಿದ್ದರಿಂದ.

ಅಂಗಡಿಯಲ್ಲಿ ಏನು ನೋಡಬೇಕು

ಸ್ಪ್ರಿಂಗಿನ ಬಿಗಿತವನ್ನು ಮೂರು ಅಳತೆ ನಿರ್ಧರಿಸುತ್ತವೆ: ತಂತಿಯ ದಪ್ಪ, ಸುತ್ತಿನ ವ್ಯಾಸ, ಕೆಲಸ ಮಾಡುವ ಸುತ್ತುಗಳ ಸಂಖ್ಯೆ. ಉಕ್ಕೆಲ್ಲ ಹೆಚ್ಚುಕಡಿಮೆ ಒಂದೇ. 12 ಮಿ.ಮೀ. ತಂತಿ, 120 ಮಿ.ಮೀ. ಸರಾಸರಿ ವ್ಯಾಸ, 5 ಸುತ್ತು ಇದ್ದರೆ ಮಿ.ಮೀ.ಗೆ 23.5 ನ್ಯೂಟನ್ ಬರುತ್ತದೆ. ತಂತಿ ದಪ್ಪದ ನಾಲ್ಕನೇ ಘಾತ ಲೆಕ್ಕಕ್ಕೆ ಬರುವುದರಿಂದ ಅರ್ಧ ಮಿ.ಮೀ. ದಪ್ಪವಾದರೆ ಶೇ. 18 ಬಿಗಿ, ಒಂದು ಮಿ.ಮೀ.ಗೆ ಶೇ. 38 ಬಿಗಿ. ಅಂಗಡಿಗೆ ಹೋಗುವಾಗ ವರ್ನಿಯರ್ ಕ್ಯಾಲಿಪರ್ ಜೇಬಿನಲ್ಲಿರಲಿ. ಮೂಲ ಸ್ಪ್ರಿಂಗಿನ ತಂತಿಯನ್ನೂ ಅಂಗಡಿಯದ್ದನ್ನೂ ಬಣ್ಣದ ಪದರ ಸೇರಿಸಿಯೇ ಅಳೆದರೂ ವ್ಯತ್ಯಾಸ ಗೊತ್ತಾಗುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದೇ ಮಾದರಿಗೆ ಪೆಟ್ರೋಲ್, ಡೀಸೆಲ್ ಎರಡು ಬಗೆ ಸಿಗುತ್ತವೆ. ಡೀಸೆಲ್ ಎಂಜಿನ್ ಭಾರ ಜಾಸ್ತಿ, ಅದರ ಮುಂದಿನ ಸ್ಪ್ರಿಂಗ್ ಪೆಟ್ರೋಲ್ ಗಾಡಿಗೆ ಹಾಕಿದರೆ ಮೂಗು ಎದ್ದು ನಿಲ್ಲುತ್ತದೆ. ತಂತಿಯ ಮೇಲಿನ ಬಣ್ಣದ ಚುಕ್ಕಿಗಳು ಬಗೆ ಗುರುತಿಸುವುದಕ್ಕೇ ಇರುವುದು, ಹಳೆಯದರ ಚುಕ್ಕಿಯ ಫೋಟೊ ತೆಗೆದಿಟ್ಟುಕೊಳ್ಳಿ.

ಎರಡು ಜಾತಕದ ಹಿಂಬದಿಗೆ ಪ್ರೋಗ್ರೆಸಿವ್ ಸ್ಪ್ರಿಂಗ್ ಒಳ್ಳೆಯ ಉತ್ತರ. ಒಂದು ತುದಿಯಲ್ಲಿ ಸುತ್ತುಗಳು ಒತ್ತಾಗಿ, ಇನ್ನೊಂದು ಕಡೆ ದೂರದೂರ ಇರುತ್ತವೆ. ಕಡಿಮೆ ಭಾರಕ್ಕೆ ಎಲ್ಲ ಸುತ್ತೂ ಮಣಿಯುತ್ತವೆ, ಭಾರ ಏರಿದಂತೆ ಒತ್ತು ಸುತ್ತುಗಳು ಒಂದಕ್ಕೊಂದು ತಾಗಿ ಕೆಲಸ ಬಿಡುತ್ತವೆ, ಉಳಿದವು ಬಿಗಿಯಾಗುತ್ತವೆ. 1951ರಲ್ಲಿ ಶುರುವಾದ ಜರ್ಮನಿಯ ಐಬಾಕ್ ಥರದ ಕಂಪನಿಗಳು ಇಂಥವನ್ನು ಮಾಡುತ್ತವೆ. ಆದರೆ ಹೆಸರಾಂತ ಕಂಪನಿಗಳ ಬಹಳಷ್ಟು ಸೆಟ್‌ಗಳು ಗಾಡಿಯನ್ನು 25–35 ಮಿ.ಮೀ. ತಗ್ಗಿಸುವವು, ನೋಟಕ್ಕೆ ಮತ್ತು ತಿರುವಿಗೆ ಮಾಡಿದವು. ಘಾಟಿ ರಸ್ತೆಯಲ್ಲಿ ಗಾಡಿ ವಾಲುವುದು ಕಡಿಮೆಯಾಗುತ್ತದೆ, ನಿಜ. ಸವಾರಿ ಮೆತ್ತಗಾಗುತ್ತದೆ ಅಂತ ತರಿಸಿಕೊಂಡರೆ ನಿರಾಸೆ ಖಂಡಿತ.

ಸ್ಪ್ರಿಂಗ್ ಸುತ್ತುಗಳ ನಡುವೆ ಸಿಕ್ಕಿಸುವ ರಬ್ಬರ್ ಬಫರ್‌ಗಳ ವಿಷಯ. ಅಗ್ಗ, ಹತ್ತು ನಿಮಿಷದ ಕೆಲಸ, ಹಾಕಿದ ದಿನ ಗಾಡಿ ಎದ್ದು ನಿಂತಂತೆ ಕಾಣುತ್ತದೆ. ಆಗುವುದೇನೆಂದರೆ ಒಂದು ಸುತ್ತು ಕೆಲಸದಿಂದ ಹೊರಬೀಳುತ್ತದೆ. ಐದರಲ್ಲಿ ನಾಲ್ಕು ಉಳಿದರೆ ಸ್ಪ್ರಿಂಗ್ ಶೇ. 25 ಬಿಗಿ. ಆ ಸುತ್ತಿನ ಪಾಲಿನ ಮಣಿತ ಪಕ್ಕದ ಸುತ್ತುಗಳ ತಲೆಗೆ ಬೀಳುತ್ತದೆ, ರಬ್ಬರ್ ಅಡಿ ಸಿಕ್ಕಿದ ಮರಳು ಬಣ್ಣವನ್ನು ಉಜ್ಜುತ್ತದೆ, ತುಕ್ಕು ಅಲ್ಲಿಂದಲೇ ಶುರು. ಊರಿಗೆ ಹೋಗಿ ಬರುವ ನಾಲ್ಕು ದಿನಕ್ಕೆ ಹಾಕಿ ತೆಗೆಯುವುದಾದರೆ ತಕರಾರಿಲ್ಲ, ಕಾಯಂ ಬೇಡ. ಸ್ಪ್ರಿಂಗ್ ಕತ್ತರಿಸಿ ತಗ್ಗಿಸುವುದು, ಗ್ಯಾಸ್ ಕಟ್ಟರ್‌ನಿಂದ ಕಾಯಿಸಿ ಕೂರಿಸುವುದು ಎಂದೂ ಬೇಡ. ಕಾಯಿಸಿದರೆ ಉಕ್ಕಿನ ಹದ ಹೋಗುತ್ತದೆ, ಕತ್ತರಿಸಿದ ತುದಿ ತಟ್ಟೆಯಲ್ಲಿ ಕೂರುವುದಿಲ್ಲ.

ಶಾಕ್ ಜೊತೆ ಹೊಂದಾಣಿಕೆ ಮರೆಯಬೇಡಿ. ಶೇ. 20 ಬಿಗಿ ಸ್ಪ್ರಿಂಗನ್ನು ಮೂಲ ಶಾಕ್ ಹೇಗೋ ತಡೆದುಕೊಳ್ಳುತ್ತದೆ, ಅದರ ಹಿಡಿತ ಸುಮಾರು ಶೇ. 9ರಷ್ಟು ಮಾತ್ರ ಕಡಿಮೆಯಾಗುತ್ತದೆ. ಶೇ. 38 ಬಿಗಿಗೆ ಶೇ. 15 ಹೋಗುತ್ತದೆ, ಅದೂ ಹೊಸ ಶಾಕ್ ಆದರೆ. ಹಳೇ ಶಾಕ್ ಮೇಲೆ ಹೊಸ ಬಿಗಿ ಸ್ಪ್ರಿಂಗ್ ಹಾಕಿದರೆ ಪ್ರತಿ ಹಂಪಿನ ನಂತರ ಗಾಡಿ ಎರಡೆರಡು ಸಲ ನಮಸ್ಕಾರ ಹಾಕುತ್ತದೆ.

ಎತ್ತರದ ಸ್ಪ್ರಿಂಗ್‌ಗೂ ಮಿತಿಯಿದೆ. ಶಾಕ್‌ನ ಒಟ್ಟು ಓಟ 160 ಮಿ.ಮೀ., ಗಾಡಿ ನಿಂತಾಗ ಕೆಳಕ್ಕೆ ಹಿಗ್ಗಲು 85 ಉಳಿದಿದೆ ಅನ್ನಿ. 25 ಮಿ.ಮೀ. ಎತ್ತರಿಸಿದರೆ 60 ಉಳಿಯಿತು. ಹಂಪಿನ ಆಚೆ ಚಕ್ರ ಕೆಳಗೆ ಜಾರುವಾಗ ಶಾಕ್ ಒಳಗೇ ತುದಿ ಮುಟ್ಟಿ ‘ಟಕ್’ ಅನ್ನುತ್ತದೆ. ಎಂಜಿನ್ ಬಲವನ್ನು ಚಕ್ರಕ್ಕೆ ತರುವ ಡ್ರೈವ್ ಶಾಫ್ಟ್ ಕೀಲುಗಳ ಕೋನವೂ ಏರುತ್ತದೆ. ಮೂಲ ಶಾಕ್ ಇಟ್ಟುಕೊಳ್ಳುವುದಾದರೆ ಚಕ್ರದ ಬಳಿ 15–20 ಮಿ.ಮೀ. ದಾಟಬೇಡಿ.

ಕಾನೂನಿನ ಮಾತು ಒಂದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟಿದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿದಿದೆ. ಮೂಲ ಅಳತೆಯ ಬದಲಿ ಸ್ಪ್ರಿಂಗ್‌ಗೆ ತೊಂದರೆಯಿಲ್ಲ. ಎತ್ತರ ಬದಲಾಗುವ ಕೆಲಸವಾದರೆ ಮೊದಲೇ ಆರ್‌ಟಿಒದಲ್ಲಿ ವಿಚಾರಿಸಿ, ವಿಮೆ ಕಂಪನಿಗೂ ಬರೆದು ತಿಳಿಸಿ. ವಾರಂಟಿ ಇರುವ ಗಾಡಿಯಾದರೆ ಶೋರೂಮಿನವರ ಮಾತನ್ನು ಬರಹದಲ್ಲಿ ಪಡೆಯಿರಿ.

ಸಾಮಾನು, ಸಲಕರಣೆ

ಸ್ಪ್ರಿಂಗ್ ಯಾವಾಗಲೂ ಜೋಡಿಯಾಗಿ ಬದಲಿಸಿ. ಮುಂದಕ್ಕೆ ಎರಡು ಸ್ಟ್ರಟ್ ಮೌಂಟ್ (ಸ್ಟ್ರಟ್ ತಲೆಯನ್ನು ಗಾಡಿಗೆ ಸೇರಿಸುವ ತುಂಡು), ಎರಡು ಬೇರಿಂಗ್, ಎರಡು ಬಂಪ್ ಸ್ಟಾಪರ್ (ಸ್ಪ್ರಿಂಗ್ ಪೂರ್ತಿ ಕೂತಾಗ ಪೆಟ್ಟು ತಡೆಯುವ ರಬ್ಬರ್), ಎರಡು ಡಸ್ಟ್ ಕವರ್, ಎರಡು ಹೊಸ ಲಾಕ್ ನಟ್. ಹಿಂದಕ್ಕೆ ಮೇಲೆ ಕೆಳಗಿನ ರಬ್ಬರ್ ಸೀಟುಗಳು ನಾಲ್ಕು, ಬಂಪ್ ಸ್ಟಾಪರ್ ಎರಡು. ಇವುಗಳ ಬೆಲೆ ಸ್ಪ್ರಿಂಗ್ ಮುಂದೆ ಕಡಿಮೆ, ಬಿಚ್ಚುವ ಕೂಲಿ ಮಾತ್ರ ಅಷ್ಟೇ. ಇದರಲ್ಲಿ ಉಳಿತಾಯ ಮಾಡಲು ಹೋಗಬೇಡಿ.

ಸಲಕರಣೆಯಲ್ಲಿ ಟ್ರಾಲಿ ಜಾಕ್, ಎರಡು ಟನ್ ತಡೆಯುವ ಎರಡು ಜಾಕ್ ಸ್ಟ್ಯಾಂಡ್, ಗಟ್ಟಿ ಸ್ಪ್ರಿಂಗ್ ಕಂಪ್ರೆಸರ್ (ಸ್ಪ್ರಿಂಗನ್ನು ಒತ್ತಿ ಹಿಡಿಯುವ ಕೊಕ್ಕೆ) ಜೋಡಿ, 200 ನ್ಯೂಟನ್ ಮೀಟರ್‌ವರೆಗಿನ ಟಾರ್ಕ್ ರೆಂಚ್, 14, 17, 19, 21ರ ಸಾಕೆಟ್, ರಿಂಗ್ ಸ್ಪ್ಯಾನರ್, 5 ಮತ್ತು 6 ಮಿ.ಮೀ. ಅಲೆನ್ ಕೀ, ತಂತಿ ಬ್ರಷ್, ತುಕ್ಕು ಬಿಡಿಸುವ ಎಣ್ಣೆ, ಬಿಳಿ ಮಾರ್ಕರ್, ಕಟ್ಟುವ ತಂತಿ. ಗಾಡಿಯ ಜೊತೆ ಬಂದ ಸ್ಟೆಪ್ನಿ ಜಾಕ್ ಈ ಕೆಲಸಕ್ಕಲ್ಲ. ಹಿಂದಿನ ರಾತ್ರಿಯೇ ಬೋಲ್ಟುಗಳಿಗೆ ಎಣ್ಣೆ ಹೊಡೆದಿಡಿ, ಮಂಗಳೂರು, ಕಾರವಾರದ ಉಪ್ಪು ಗಾಳಿ ತಿಂದ ಗಾಡಿಯಾದರೆ ಎರಡು ದಿನ ಮುಂಚೆ.

ಮುಂದಿನ ಸ್ಟ್ರಟ್

1. ಮಟ್ಟಸ ನೆಲ, ಹ್ಯಾಂಡ್‌ಬ್ರೇಕ್, ಹಿಂದಿನ ಚಕ್ರಗಳಿಗೆ ಕಲ್ಲು. ವೀಲ್ ನಟ್ ಅರ್ಧ ಸುತ್ತು ಸಡಿಲಿಸಿ, ಮುಂದಿನ ಎರಡೂ ಬದಿ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಒಂದೇ ಬದಿ ಎತ್ತಿದರೆ ಸ್ಟೆಬಿಲೈಸರ್ ಬಾರ್ ತಿರುಚಿಕೊಂಡು ಲಿಂಕ್ ಬೋಲ್ಟ್ ಬರುವುದಿಲ್ಲ.

2. ಚಕ್ರ ತೆಗೆದು, ಸ್ಟ್ರಟ್‌ಗೆ ಕಚ್ಚಿಸಿದ ಬ್ರೇಕ್ ಹೋಸ್ ಮತ್ತು ಎಬಿಎಸ್ ವೈರನ್ನು ಬಿಡಿಸಿ. ಲಿಂಕ್ ರಾಡ್ ನಟ್ ಬಿಚ್ಚುವಾಗ ಒಳಗಿನ ಕಂಬಿಯೂ ಸುತ್ತುತ್ತದೆ, ಅದರ ತುದಿಗೆ ಅಲೆನ್ ಕೀ ಹಾಕಿ ಹಿಡಿಯಿರಿ.

3. ಸ್ಟ್ರಟ್ ನಕಲ್‌ಗೆ (ಚಕ್ರವನ್ನು ಹೊರುವ ಕಬ್ಬಿಣದ ತುಂಡಿಗೆ) ಸೇರುವ ಜಾಗದ ಅಂಚಿನ ಸುತ್ತ ಮಾರ್ಕರ್‌ನಿಂದ ಗೆರೆ ಎಳೆಯಿರಿ. ಆ ಬೋಲ್ಟ್ ತೂತಿನಲ್ಲಿ ಇರುವ ಕೂದಲೆಳೆ ಸಡಿಲವೇ ಚಕ್ರದ ಕ್ಯಾಂಬರ್, ಅಂದರೆ ನಿಂತ ವಾಲು, ಕೆಡಿಸುತ್ತದೆ. ಕೆಲವು ಗಾಡಿಗಳ ಬೋಲ್ಟಿನ ಕತ್ತಿನ ಸುತ್ತ ಹಲ್ಲುಗಳಿರುತ್ತವೆ, ಅದಕ್ಕೆ ಬೋಲ್ಟ್ ತಿರುಗಿಸದೆ ನಟ್ಟನ್ನೇ ತಿರುಗಿಸಿ.

4. ಬೋಲ್ಟ್ ಎಳೆಯುವ ಮುಂಚೆ ನಕಲ್ಲನ್ನು ತಂತಿಯಿಂದ ಗಾಡಿಯ ಮೈಗೆ ಕಟ್ಟಿ. ಬಿಟ್ಟರೆ ಹೊರಕ್ಕೆ ಬಾಗಿ ಡ್ರೈವ್ ಶಾಫ್ಟಿನ ಒಳಕೀಲು ಕಳಚಿಕೊಳ್ಳುತ್ತದೆ, ಅರ್ಧ ದಿನದ ಕೆಲಸ ಎರಡು ದಿನವಾಗುತ್ತದೆ.

5. ಮೌಂಟ್ ಯಾವ ದಿಕ್ಕಿಗಿದೆ ಗುರುತು ಹಾಕಿ, ಬಾನೆಟ್ ಕೆಳಗಿನ ಮೌಂಟ್ ನಟ್‌ಗಳನ್ನು ಬಿಚ್ಚಿ ಸ್ಟ್ರಟ್ ಇಳಿಸಿ. ನಡುವಿನ ದೊಡ್ಡ ನಟ್ಟನ್ನು ಈಗ ಮುಟ್ಟಬೇಡಿ.

ಇದು ಜೀವ ತೆಗೆಯಬಲ್ಲ ಹಂತ. ಸ್ಟ್ರಟ್ ಒಳಗಿನ ಸ್ಪ್ರಿಂಗ್ ಹೊರಗೆ ತೆಗೆದ ಮೇಲೂ ಒತ್ತಿಕೊಂಡೇ ಕೂತಿರುತ್ತದೆ. ಕಂಪ್ರೆಸರ್ ಹಾಕದೆ ನಡುವಿನ ನಟ್ ಬಿಚ್ಚಿದರೆ ಮೌಂಟ್ ಗುಂಡಿನಂತೆ ಹಾರುತ್ತದೆ. ಎರಡು ಕಂಪ್ರೆಸರ್‌ಗಳನ್ನು ಎದುರುಬದುರು, ಆದಷ್ಟು ಹೆಚ್ಚು ಸುತ್ತು ಸಿಗುವಂತೆ ಕೊಕ್ಕೆ ಹಾಕಿ. ಒಂದರ ಬೋಲ್ಟಿಗೆ ನಾಲ್ಕು ತಿರುವು, ಇನ್ನೊಂದರದ್ದಕ್ಕೆ ನಾಲ್ಕು, ಹೀಗೆ ಬದಲಿಸುತ್ತಾ ಕೈಯಿಂದಲೇ ಬಿಗಿಯಿರಿ, ಗಾಳಿ ಗನ್ ಬೇಡ. ಒಂದು ಕಡೆ ಜಾಸ್ತಿಯಾದರೆ ಸ್ಪ್ರಿಂಗ್ ಬಾಳೆಹಣ್ಣಿನಂತೆ ಬಾಗುತ್ತದೆ, ಹಾಗಾದ ಕೂಡಲೇ ನಿಲ್ಲಿಸಿ ಹಿಂದಕ್ಕೆ ಬನ್ನಿ. ಸ್ಪ್ರಿಂಗ್ ತಟ್ಟೆಯಲ್ಲಿ ಸಡಿಲವಾಗಿ ಕೈಯಲ್ಲಿ ಅಲ್ಲಾಡುವವರೆಗೆ ಒತ್ತಬೇಕು. ಮುಖ, ಎದೆ ಸ್ಪ್ರಿಂಗಿನ ನೇರದಲ್ಲಿ ಇರಬಾರದು.

6. ಪಿಸ್ಟನ್ ಕಂಬಿಯನ್ನು ಅಲೆನ್ ಕೀಯಿಂದ ಹಿಡಿದು ರಿಂಗ್ ಸ್ಪ್ಯಾನರಿನಿಂದ ನಟ್ ಬಿಚ್ಚಿ. ಕಂಬಿ ಸುತ್ತಲು ಬಿಟ್ಟು ಗನ್ ಹೊಡೆದರೆ ಶಾಕ್‌ನ ಸೀಲ್ ಹಾಳು. ಹೊರಬಂದ ಸಾಮಾನನ್ನು ಬಂದ ಕ್ರಮದಲ್ಲೇ ಬಟ್ಟೆಯ ಮೇಲೆ ಜೋಡಿಸಿ ಫೋಟೊ ತೆಗೆಯಿರಿ.

7. ಹೊಸ ಶಾಕ್ ಹಾಕುವುದಾದರೆ ನೆಟ್ಟಗೆ ಹಿಡಿದು ನಾಲ್ಕೈದು ಸಲ ಪೂರ್ತಿ ಒತ್ತಿ ಎಳೆಯಿರಿ, ಒಳಗಿನ ಗಾಳಿ ಮೇಲೇರಲಿ. ಮೊದಲ ಎಳೆತಕ್ಕೆ ಟೊಳ್ಳಾಗಿ ಜಾರುತ್ತದೆ, ಮೂರನೆಯದರ ಹೊತ್ತಿಗೆ ಜೇನುತುಪ್ಪದಲ್ಲಿ ಚಮಚ ಎಳೆದಂತೆ ಒಂದೇ ಸಮ ತಡೆ ಸಿಗಬೇಕು. ಸಿಗದಿದ್ದರೆ ಶಾಕ್ ವಾಪಸ್ ಕೊಡಿ.

8. ಹೊಸ ಸ್ಪ್ರಿಂಗ್ ಒತ್ತಿ ಕೂರಿಸಿ. ಕೆಳತುದಿ ತಟ್ಟೆಯಲ್ಲಿರುವ ಮೆಟ್ಟಿಲಿಗೆ ಸರಿಯಾಗಿ ತಾಗಿ ಕೂರಬೇಕು. ಮೇಲಿರಬೇಕಾದ ತುದಿ ಯಾವುದು ಅನ್ನುವುದಕ್ಕೆ ಪ್ಯಾಕೆಟ್ಟಿನ ಚಿತ್ರ ನೋಡಿ, ಅಚ್ಚಾದ ಅಕ್ಷರ ಸಾಮಾನ್ಯವಾಗಿ ನೆಟ್ಟಗೆ ಓದುವಂತಿರಬೇಕು. ಕೊಕ್ಕೆ ತಾಗಿ ಬಣ್ಣ ಎದ್ದರೆ ಅಲ್ಲೇ ಬಣ್ಣ ಹಚ್ಚಿ. ಇಂದಿನ ಗೀರು ಮೂರನೇ ಮಳೆಗಾಲದ ಬಿರುಕು.

9. ಬಿಚ್ಚಿದ್ದಕ್ಕೆ ಉಲ್ಟಾ ಕ್ರಮದಲ್ಲಿ ಸೇರಿಸಿ. ನಡುವಿನ ಹೊಸ ನಟ್ ಪೂರ್ತಿ ಬಿಗಿದ ಮೇಲೆ ಮಾತ್ರ ಕಂಪ್ರೆಸರ್ ಸಡಿಲಿಸಿ. ನಕಲ್ ಬೋಲ್ಟನ್ನು ಹಳೇ ಗೆರೆಗೆ ಸರಿಯಾಗಿ ಕೂರಿಸಿ. ಬಿಗಿಯುವ ಟಾರ್ಕನ್ನು ನಿಮ್ಮ ಗಾಡಿಯ ಸರ್ವಿಸ್ ಮ್ಯಾನುಯಲ್ ನೋಡಿಯೇ ಹಾಕಬೇಕು. ವೀಲ್ ನಟ್ ಚಿಕ್ಕ ಕಾರುಗಳಲ್ಲಿ ಸಾಮಾನ್ಯವಾಗಿ 85–110 ನ್ಯೂಟನ್ ಮೀಟರ್.

ಹಿಂದಿನ ಸ್ಪ್ರಿಂಗ್

ಇದು ಸಲೀಸು, ಕಂಪ್ರೆಸರ್ ಬಹುತೇಕ ಬೇಕಾಗುವುದಿಲ್ಲ. ಮುಂದಿನ ಚಕ್ರಗಳಿಗೆ ಕಲ್ಲಿಟ್ಟು, ಗೇರ್‌ನಲ್ಲಿ ಬಿಟ್ಟು, ಹಿಂಬದಿಯನ್ನು ಬಾಡಿಯ ಜಾಕ್ ಜಾಗದಲ್ಲಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬೀಮ್ ನಡುವೆ ಮರದ ತುಂಡಿಟ್ಟು ಜಾಕ್‌ನಿಂದ ತುಸು ಎತ್ತಿಹಿಡಿದು, ಎರಡೂ ಶಾಕ್‌ಗಳ ಕೆಳಗಿನ ಬೋಲ್ಟ್ ತೆಗೆಯಿರಿ. ಈಗ ಜಾಕನ್ನು ಇಂಚಿಂಚೇ ಇಳಿಸಿ. ಕಣ್ಣು ಬ್ರೇಕ್ ಹೋಸ್, ಎಬಿಎಸ್ ವೈರ್, ಹ್ಯಾಂಡ್‌ಬ್ರೇಕ್ ಕೇಬಲ್ ಮೇಲಿರಲಿ. ಅವು ಬಿಗಿಯುವ ಮುಂಚೆ ನಿಲ್ಲಿಸಿ, ಬೇಕಾದರೆ ಕ್ಲಿಪ್ ಬಿಡಿಸಿ. ಬೀಮ್ ಹೋಸ್ ಮೇಲೆ ನೇತಾಡಬಾರದು. ಸ್ಪ್ರಿಂಗ್ ತಾನೇ ಸಡಿಲವಾಗುತ್ತದೆ.

ತಟ್ಟೆಯಲ್ಲಿ ಕೂತ ಮಣ್ಣು ಕೆರೆದು, ಹೊಸ ರಬ್ಬರ್ ಸೀಟು ಹಾಕಿ, ಸ್ಪ್ರಿಂಗ್ ತುದಿ ಅದರ ಗೂಡಿಗೆ ಬರುವಂತೆ ತಿರುಗಿಸಿ. ಬೀಮ್ ಎತ್ತುವಾಗ ಎಡ ಬಲ ಎರಡೂ ಸ್ಪ್ರಿಂಗ್ ಮೇಲಿನ ಗೂಡು ಹಿಡಿದಿವೆಯೇ ನೋಡಿ. ಶಾಕ್ ಬೋಲ್ಟುಗಳನ್ನು ಕೈಬಿಗಿ ಮಾತ್ರ ಮಾಡಿ, ಚಕ್ರ ಹಾಕಿ, ಗಾಡಿಯ ಭಾರ ಚಕ್ರದ ಮೇಲೆ ಬಂದ ನಂತರ ಪೂರ್ತಿ ಬಿಗಿಯಬೇಕು. ಚಕ್ರ ನೇತಾಡುವಾಗಲೇ ಬಿಗಿದರೆ ಗಾಡಿ ಇಳಿದ ಕ್ಷಣದಿಂದ ರಬ್ಬರ್ ಬುಷ್ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಮುಂದಿನ ಲೋವರ್ ಆರ್ಮ್ ಬೋಲ್ಟ್ ಮುಟ್ಟಿದ್ದರೆ ಅದಕ್ಕೂ ಇದೇ ನಿಯಮ. ಬಹಳಷ್ಟು ಗ್ಯಾರೇಜ್‌ಗಳಲ್ಲಿ ಇದೊಂದನ್ನು ಮರೆಯುತ್ತಾರೆ, ನಿಂತು ನೆನಪಿಸಬೇಕು.

ಜೋಡಿಸಿದ ಮೇಲೆ

20 ಕಿ.ಮೀ. ನಿಧಾನ ಓಡಿಸಿ ಬಂದು ನಾಲ್ಕೂ ಮೂಲೆ ಮತ್ತೆ ಅಳೆಯಿರಿ. ವೀಲ್ ನಟ್‌ಗಳ ಟಾರ್ಕ್ ಮತ್ತೊಮ್ಮೆ ನೋಡಿ. ಅವತ್ತೇ ವೀಲ್ ಅಲೈನ್‌ಮೆಂಟ್ ಮಾಡಿಸಿ. ಎತ್ತರ ಬದಲಾದರೆ ಟೋ ಕೋನ (ಚಕ್ರ ಒಳಕ್ಕೋ ಹೊರಕ್ಕೋ ಮುಖ ಮಾಡಿರುವ ಕೋನ) ಬದಲಾಗಿಯೇ ಇರುತ್ತದೆ, ಬಿಟ್ಟರೆ ಟಯರಿನ ಅಂಚು ಗರಗಸದ ಹಲ್ಲಿನಂತೆ ಸವೆಯುತ್ತದೆ. ಹೊಸ ಸ್ಪ್ರಿಂಗ್ ಮೊದಲ ಕೆಲವು ನೂರು ಕಿ.ಮೀ.ಗಳಲ್ಲಿ ಇನ್ನೂ ಕೆಲವು ಮಿ.ಮೀ. ಕೂರುವುದರಿಂದ 1,000 ಕಿ.ಮೀ. ನಂತರ ಇನ್ನೊಮ್ಮೆ ಅಲೈನ್‌ಮೆಂಟ್ ತೋರಿಸಿ. ಹಿಂಬದಿ ಏರಿದ್ದರೆ ಹೆಡ್‌ಲೈಟ್ ಬೆಳಕು ಕೆಳಗಿಳಿದಿರುತ್ತದೆ, ಮುಂಬದಿ ಏರಿದ್ದರೆ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಗೋಡೆಯಿಂದ ಐದು ಮೀಟರ್ ದೂರ ನಿಲ್ಲಿಸಿ, ಕೆಲಸಕ್ಕೆ ಮುಂಚೆ ಟೇಪ್ ಅಂಟಿಸಿ ಗುರುತು ಮಾಡಿದ್ದ ಗೆರೆಗೇ ಹೊಂದಿಸಿ.

ಹಾಯಾಗಿದೆಯೋ ಇಲ್ಲವೋ ಅನ್ನುವುದನ್ನು ಮನಸ್ಸಿಗೆ ಬಿಟ್ಟರೆ ಖರ್ಚು ಮಾಡಿದ ಮನಸ್ಸು ‘ಹಾಯಾಗಿದೆ’ ಅಂತಲೇ ಹೇಳುತ್ತದೆ. ಜರ್ಮನಿಯ ಆಹೆನ್ ವಿಶ್ವವಿದ್ಯಾಲಯದವರು ಮಾಡಿದ ಫೈಫಾಕ್ಸ್ ಎಂಬ ಉಚಿತ ಆ್ಯಪ್ ಮೊಬೈಲಿನ ಕಂಪನ ಸೆನ್ಸರನ್ನು ಓದುತ್ತದೆ. ಮೊಬೈಲನ್ನು ಹಿಂದಿನ ಸೀಟಿನ ಕೆಳಗೆ ನೆಲಕ್ಕೆ ಅಂಟಿಸಿ, ಅದೇ ರಸ್ತೆ, ಅದೇ ವೇಗ, ಅಷ್ಟೇ ಜನ, ಅಷ್ಟೇ ಗಾಳಿ ಇಟ್ಟುಕೊಂಡು ಬದಲಿಸುವ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ದಾಖಲಿಸಿ. ಮೇಲೆ ಕೆಳಗಿನ ಕಂಪನದ ಎರಡು ಗೆರೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ವಾದಕ್ಕೆ ಜಾಗವಿರುವುದಿಲ್ಲ.

ಏನಾದರೂ ಎಡವಟ್ಟಾದರೆ

ಸ್ಟೀರಿಂಗ್ ತಿರುಗಿಸಿ ಬಿಟ್ಟಾಗ ತಾನಾಗಿ ನೇರಕ್ಕೆ ಬರುತ್ತಿಲ್ಲವೆಂದರೆ ಸ್ಟ್ರಟ್ ಬೇರಿಂಗ್ ತಲೆಕೆಳಗಾಗಿ ಕೂತಿದೆ ಅಥವಾ ಅದರ ಅಂಚು ಸಿಕ್ಕಿಕೊಂಡಿದೆ, ಮತ್ತೆ ಬಿಚ್ಚದೆ ದಾರಿಯಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಎಬಿಎಸ್ ದೀಪ ಹತ್ತಿದರೆ ವೈರನ್ನು ಕ್ಲಿಪ್‌ಗೆ ವಾಪಸ್ ಹಾಕಿಲ್ಲ ಅಥವಾ ಎಳೆದು ಕಿತ್ತಿದ್ದೀರಿ. ಪ್ರೋಗ್ರೆಸಿವ್ ಸ್ಪ್ರಿಂಗಿನಲ್ಲಿ ನಿಧಾನಕ್ಕೆ ಹಂಪು ಹತ್ತುವಾಗ ‘ಟಿಣ್’ ಅನ್ನುವುದು ಒತ್ತು ಸುತ್ತುಗಳು ಒಂದಕ್ಕೊಂದು ತಾಗುವ ಸದ್ದು, ಆ ಸುತ್ತುಗಳಿಗೆ ಕಂಪನಿಯ ರಬ್ಬರ್ ಕೊಳವೆ ತೊಡಿಸಿದರೆ ಹೋಗುತ್ತದೆ. ತಗ್ಗಿಸುವ ಸ್ಪ್ರಿಂಗ್ ಹಾಕಿ ಜಾಕ್ ಏರಿಸಿದಾಗ ಅದು ತಟ್ಟೆಯಲ್ಲಿ ಗಡಗಡ ಅಲ್ಲಾಡಿದರೆ ಉದ್ದ ಸಾಲದು. ಗುಂಡಿಯಲ್ಲಿ ಚಕ್ರ ಪೂರ್ತಿ ಇಳಿದಾಗ ಸ್ಪ್ರಿಂಗ್ ಜಾಗ ತಪ್ಪಬಹುದು, ಆ ಸೆಟ್ ವಾಪಸ್ ಕೊಡಿ.

ಎಡಕ್ಕೂ ಬಲಕ್ಕೂ 8–10 ಮಿ.ಮೀ. ವ್ಯತ್ಯಾಸ ಬಂದರೆ ಮೊದಲು ಸ್ಪ್ರಿಂಗ್ ತುದಿ ಮೆಟ್ಟಿಲು ಹತ್ತಿ ಕೂತಿದೆಯೇ ನೋಡಿ, ಹತ್ತರಲ್ಲಿ ಎಂಟು ಸಲ ಅದೇ. ಅದೂ ಸರಿಯಿದ್ದರೆ ಎಡ ಬಲ ಸ್ಪ್ರಿಂಗ್‌ಗಳನ್ನು ಅದಲು ಬದಲು ಮಾಡಿ ಅಳೆಯಿರಿ. ತಗ್ಗು ಸ್ಪ್ರಿಂಗ್ ಜೊತೆಗೇ ಬದಿ ಬದಲಿಸಿದರೆ ಸ್ಪ್ರಿಂಗ್ ಜೋಡಿಯೇ ಸರಿಯಿಲ್ಲ, ಅಂಗಡಿಗೆ ಒಯ್ಯಿರಿ. ಬದಿ ಬದಲಿಸದೆ ಅಲ್ಲೇ ನಿಂತರೆ ಗಾಡಿಯ ಸಬ್‌ಫ್ರೇಮೋ ಬೀಮೋ ಎಂದೋ ಪೆಟ್ಟು ತಿಂದಿದೆ. ಸೆಕೆಂಡ್ ಹ್ಯಾಂಡ್ ಗಾಡಿಯಾದರೆ ಹಳೇ ಅಪಘಾತ ಹೊರಬೀಳುವುದು ಎಷ್ಟೋ ಸಲ ಹೀಗೆಯೇ.